‘ನನ್ನ’ ಮತ್ತು ‘ಮೇರಾ’: ಹಿಂದಿಯ ಷಷ್ಠೀ ಸರ್ವನಾಮಗಳನ್ನು ಕನ್ನಡದ ಮಕ್ಕಳಿಗೆ ಕಲಿಸುವ ಬಗೆ

ಒಂದು ವಸ್ತುವನ್ನು ‘ಇದು ನನ್ನದು’ ಎಂದು ಹೇಳದ ಭಾಷೆ ಲೋಕದಲ್ಲಿಲ್ಲ. ಆದರೆ ಹಾಗೆ ಹೇಳುವ ರೀತಿ ಭಾಷೆಯಿಂದ ಭಾಷೆಗೆ ಬೇರೆಯಾಗಿರುತ್ತದೆ. ಈ ಬೇರೆತನವನ್ನು ಅರಿಯದೆ ಒಂದು ಭಾಷೆಯ ಅಚ್ಚಿನಲ್ಲಿ ಇನ್ನೊಂದು ಭಾಷೆಯನ್ನು ಎರಕ ಹೊಯ್ಯಹೊರಟಾಗ ತಪ್ಪುಗಳು ಹುಟ್ಟುತ್ತವೆ. ಯಲಬುರ್ಗಾ ಸೀಮೆಯ ಮಂಗಳೂರಿನಂತಹ ಗ್ರಾಮಗಳಲ್ಲಿ ಹಿಂದಿಯನ್ನು ತೃತೀಯ ಭಾಷೆಯಾಗಿ ಓದುವ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ‘ಮೇರಾ ಕಿತಾಬ್’, ‘ಮೇರಾ ಪಿತಾಜೀ’, ‘ಮೈಂ ಮೇರಾ ಕಾಮ್ ಕರತಾ ಹೂಂ’ ಎಂಬ ಪ್ರಯೋಗಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಉಪಾಧ್ಯಾಯರು ಕೆಂಪು ಶಾಯಿಯಿಂದ ಗೀಟೆಳೆದು ಸರಿಯಾದ ರೂಪವನ್ನು ಮೇಲೆ ಬರೆಯುತ್ತಾರೆ; ಅಂಕ ಕಳೆಯುತ್ತದೆ; ಮುಂದಿನ ಪರೀಕ್ಷೆಯಲ್ಲಿ ಅದೇ ತಪ್ಪು ಮರಳಿ ಬರುತ್ತದೆ. ಈ ತಪ್ಪಿಗೆ ಮಗುವಿನ ಜಡತನ ಕಾರಣವಲ್ಲ. ಮಗು ತನ್ನ ಮಾತೃಭಾಷೆಯ ವ್ಯಾಕರಣಕ್ಕೆ ಪೂರ್ಣ ನಿಷ್ಠೆಯಿಂದ ನಡೆದುಕೊಂಡದ್ದೇ ಕಾರಣ. ಆದಕಾರಣ ಆ ತಪ್ಪನ್ನು ತಿದ್ದುವ ಬೀಗದ ಕೈ ಹಿಂದಿ ಪಠ್ಯಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಕನ್ನಡ ವ್ಯಾಕರಣದಲ್ಲಿಯೇ ಇದೆ ಎಂಬುದು ಈ ಲೇಖನದ ಪ್ರತಿಪಾದ್ಯ ವಿಷಯ.

ಈ ಪ್ರದೇಶಕ್ಕೆ ಕನ್ನಡದ ವ್ಯಾಕರಣ ಹೊಸತಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನು ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಇಂತಹ ನಾಡು ಮುಂದೆ ನಿಜಾಮರ ಆಳ್ವಿಕೆಗೆ ಒಳಪಟ್ಟಿತು. ಉರ್ದು ರಾಜಭಾಷೆಯಾಯಿತು, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಈ ಭಾಗವು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯು ತ್ರಿಭಾಷಾ ಸೂತ್ರವನ್ನು ಮುಂದಿಟ್ಟಿತು. ಹಿಂದಿಯು ಶಾಲೆಗಳಲ್ಲಿ ನೆಲೆಯೂರಿತು. ಉರ್ದುವಿನ ‘ಮೇರಾ–ಮೇರೀ’ಗಳೂ ಹಿಂದಿಯ ‘ಮೇರಾ–ಮೇರೀ’ಗಳೂ ವ್ಯಾಕರಣದೃಷ್ಟಿಯಿಂದ ಒಂದೇ. ಹಾಗೆ ನೋಡಿದರೆ ಈ ಪದರೂಪಗಳು ಇಲ್ಲಿಯ ಶಾಲೆಗಳ ಬಾಗಿಲಿಗೆ ಎರಡು ಬಾರಿ ಬಂದಿವೆ; ಮೊದಲು ಉರ್ದು ಲಿಪಿಯ ಉಡುಗೆಯಲ್ಲಿ, ಅನಂತರ ನಾಗರಿಯ ಉಡುಗೆಯಲ್ಲಿ. ಎರಡು ಬಾರಿ ಬಂದ ಅತಿಥಿಯ ಸ್ವಭಾವವನ್ನು ಮನೆಯವರು ಇನ್ನೂ ಅರಿತುಕೊಳ್ಳದಿದ್ದರೆ ಅದು ಅತಿಥಿಯ ದೋಷವೆನ್ನಲಾಗದು.

ಮೊದಲು ಹಿಂದಿಯ ವ್ಯವಸ್ಥೆಯನ್ನು ನೋಡಬೇಕು. ಹಿಂದಿಯಲ್ಲಿ ಸರ್ವನಾಮಗಳಿಗೆ ಸ್ವಾಮ್ಯವನ್ನು ಸೂಚಿಸುವ ಪ್ರತ್ಯಯಗಳು ಮೂರು ಬಗೆ. ‘ಮೈಂ, ತೂ, ಹಮ್, ತುಮ್’ ಎಂಬ ನಾಲ್ಕಕ್ಕೆ ‘ರಾ–ರೀ–ರೇ’ ಹತ್ತಿ ‘ಮೇರಾ, ತೇರಾ, ಹಮಾರಾ, ತುಮ್ಹಾರಾ’ ಎಂದಾಗುತ್ತವೆ. ‘ವಹ, ಯಹ, ವೇ, ಯೇ, ಕೌನ್, ಜೋ’ ಹಾಗೂ ಗೌರವಾರ್ಥದ ‘ಆಪ್’ ಇವುಗಳಿಗೆ ನಾಮಪದಗಳಂತೆಯೇ ‘ಕಾ–ಕೀ–ಕೇ’ ಹತ್ತಿ ‘ಉಸಕಾ, ಇಸಕಾ, ಉನಕಾ, ಇನಕಾ, ಕಿಸಕಾ, ಜಿಸಕಾ, ಆಪಕಾ’ ಎಂದಾಗುತ್ತವೆ. ‘ತಾನು’ ಎಂಬ ಅರ್ಥದ ‘ಆಪ್’ ಶಬ್ದಕ್ಕೆ ಮಾತ್ರ ‘ನಾ–ನೀ–ನೇ’ ಹತ್ತಿ ‘ಅಪನಾ’ ಎಂದಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹಿಂದಿ ವ್ಯಾಕರಣದಲ್ಲಿ ‘ಸಂಬಂಧವಾಚಕ ಸರ್ವನಾಮ’ ಎಂದರೆ ‘ಜೋ’ ಎಂಬುದು; ‘ಮೇರಾ’ ಎಂಬುದಲ್ಲ. ‘ಮೇರಾ’ ಮೊದಲಾದವು ‘ಸಂಬಂಧ ಕಾರಕ’ದ ರೂಪಗಳು. ಸಂಸ್ಕೃತದಲ್ಲಿ ಪಾಣಿನಿಯು ಕಾರಕಗಳನ್ನು ಆರೆಂದೇ ಎಣಿಸಿ ಷಷ್ಠಿಯನ್ನು ಅವುಗಳೊಳಗೆ ಸೇರಿಸಲಿಲ್ಲ. ಏಕೆಂದರೆ ಷಷ್ಠಿಯ ಸಂಬಂಧ ಪ್ರಾಯಶಃ ಕ್ರಿಯೆಯೊಡನೆ ಇರುವುದಲ್ಲ, ನಾಮಪದಕ್ಕೂ ನಾಮಪದಕ್ಕೂ ನಡುವೆ ಇರುವುದು. ಹಿಂದಿಯ ಶಾಲಾ ವ್ಯಾಕರಣಗಳು ಸಂಬಂಧ, ಸಂಬೋಧನಗಳನ್ನೂ ಸೇರಿಸಿ ಕಾರಕಗಳು ಎಂಟು ಎನ್ನುತ್ತವೆ. ಹೆಸರೇನೇ ಇರಲಿ, ತತ್ತ್ವವಿಷ್ಟು: ಹಿಂದಿಯ ಈ ರೂಪಗಳು ವಿಶೇಷಣದಂತೆ ವರ್ತಿಸುತ್ತವೆ, ತಮ್ಮ ಮುಂದೆ ಬರುವ ನಾಮಪದದ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ವೇಷ ಬದಲಿಸುತ್ತವೆ.

ಕನ್ನಡದ ವ್ಯವಸ್ಥೆ ಇದಕ್ಕಿಂತ ಭಿನ್ನ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಷಷ್ಠಿಗೆ ‘ಅ’ಕಾರವನ್ನು ಪ್ರತ್ಯಯವಾಗಿ ಹೇಳಿದ್ದಾನೆ. ‘ನಾನು–ನನ್ನ, ನೀನು–ನಿನ್ನ, ತಾನು–ತನ್ನ, ನಾವು–ನಮ್ಮ, ನೀವು–ನಿಮ್ಮ, ತಾವು–ತಮ್ಮ’ ಎಂಬಲ್ಲಿ ಮೊದಲ ದೀರ್ಘಸ್ವರ ಹ್ರಸ್ವವಾಗಿ, ಕೊನೆಗೆ ಆ ಅಕಾರ ನಿಲ್ಲುತ್ತದೆ. ಒಮ್ಮೆ ‘ನನ್ನ’ ಎಂದಾದ ಮೇಲೆ ಅದು ಕದಲುವುದಿಲ್ಲ. ನನ್ನ ಮಗ, ನನ್ನ ಮಗಳು, ನನ್ನ ಮಕ್ಕಳು, ನನ್ನ ಹೊಲ, ನನ್ನ ಹೊಲಗಳಲ್ಲಿ — ಎಲ್ಲೆಡೆಯೂ ‘ನನ್ನ’ ಒಂದೇ. ಸಂಸ್ಕೃತದ ‘ಮಮ’ವೂ ಹೀಗೆಯೇ ಅಚಲ: ಮಮ ಪುಸ್ತಕಮ್, ಮಮ ಮಾತಾ, ಮಮ ಪುತ್ರಾಃ. ಆದರೆ ಸಂಸ್ಕೃತದಲ್ಲಿ ಇನ್ನೊಂದು ದಾರಿಯೂ ಉಂಟು: ಮದೀಯೋ ಗ್ರಾಮಃ, ಮದೀಯಾ ಶಾಲಾ, ಮದೀಯಂ ಪುಸ್ತಕಮ್. ಇಲ್ಲಿ ‘ಮದೀಯ’ ಶಬ್ದವು ವಿಶೇಷ್ಯದ ಲಿಂಗವನ್ನು ಅನುಸರಿಸುತ್ತದೆ. ಕನ್ನಡದ ‘ನನ್ನ’ವು ‘ಮಮ’ದ ಜಾತಿಯದು, ಹಿಂದಿಯ ‘ಮೇರಾ’ವು ‘ಮದೀಯ’ದ ಜಾತಿಯದು. ಇಷ್ಟನ್ನು ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆದು ತೋರಿಸಿದರೆ ಸಂಸ್ಕೃತದ ಗಂಧವಿರುವ ಹುಡುಗನಿಗೆ ಅರ್ಧ ಕಷ್ಟ ಕಳೆದಂತೆ.

ಲಿಂಗದ ವಿಷಯದಲ್ಲಿ ಎರಡು ಭಾಷೆಗಳೂ ಪರಸ್ಪರ ಬೆನ್ನು ಮಾಡಿ ನಿಂತಿವೆ. ಕನ್ನಡದಲ್ಲಿ ‘ಅವನ ಅಣ್ಣ, ಅವಳ ಅಣ್ಣ’ ಎಂದಾಗ ಒಡೆಯನ ಲಿಂಗ ಗೊತ್ತಾಗುತ್ತದೆ. ಹಿಂದಿಯಲ್ಲಿ ‘ಉಸಕಾ ಭಾಈ’ ಎಂದರೆ ಅವನ ಅಣ್ಣನೋ ಅವಳ ಅಣ್ಣನೋ ತಿಳಿಯದು. ‘ಉಸಕೀ ಬಹನ್’ ಎಂಬಲ್ಲಿಯ ‘ಕೀ’ ಒಡವೆಯ ಕಡೆಗೆ ನೋಡುತ್ತದೆಯೇ ಹೊರತು ಒಡೆಯನ ಕಡೆಗೆ ನೋಡುವುದಿಲ್ಲ. ಕನ್ನಡದ ಮಗು ‘ಉಸಕೀ’ ಎಂಬುದನ್ನು ಕಂಡೊಡನೆ ‘ಅವಳ’ ಎಂದೇ ಅರ್ಥ ಮಾಡಿಕೊಳ್ಳುತ್ತದೆ. ಅನೇಕ ಅನುವಾದದ ಪ್ರಶ್ನೆಗಳಲ್ಲಿ ಅಂಕ ಸೋರಿಹೋಗುವುದು ಈ ಬಿರುಕಿನಿಂದಲೇ. ಈ ಸೂಕ್ಷ್ಮವನ್ನು ಮನಗಾಣಿಸಲು ದೂರ ಹೋಗಬೇಕಾಗಿಲ್ಲ. ಸ್ವಾತಂತ್ರ್ಯೋತ್ಸವದ ದಿನ ‘ಭಾರತ ಮಾತಾ ಕೀ ಜೈ’ ಎಂದು ಎಲ್ಲ ಮಕ್ಕಳೂ ಕೂಗುತ್ತಾರೆ. ಮಾತೆಯು ಸ್ತ್ರೀಲಿಂಗವಾದುದರಿಂದ ‘ಕೀ’ ಬಂದಿತೆಂದು ಮಗು ಊಹಿಸಬಹುದು. ಆದರೆ ಒಡನೆಯೇ ‘ಮಹಾತ್ಮಾ ಗಾಂಧೀ ಕೀ ಜೈ’ ಎಂದೂ ಕೂಗುತ್ತದಲ್ಲ! ಗಾಂಧೀಜಿಯವರು ಪುರುಷರು, ಆದರೂ ‘ಕೀ’ ಉಳಿಯಿತು. ಕಾರಣ, ಹಿಂದಿಯಲ್ಲಿ ‘ಜಯ್’ ಶಬ್ದವೇ ಸ್ತ್ರೀಲಿಂಗ. ‘ಕೀ’ ಬಂದದ್ದು ಅದಕ್ಕಾಗಿ. ಧ್ವಜಸ್ತಂಭದ ಬಳಿ ಕೂಗಿದ ಎರಡು ಘೋಷಗಳು ಇಡೀ ಒಂದು ಅಧ್ಯಾಯವನ್ನು ಕಲಿಸಬಲ್ಲವು.

ಊರಿನ ಶಾಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ‘ವಿದ್ಯಾಲಯ’ ಶಬ್ದ ಹಿಂದಿಯಲ್ಲಿ ಪುಲ್ಲಿಂಗ, ‘ಪಾಠಶಾಲಾ’ ಸ್ತ್ರೀಲಿಂಗ. ಆದುದರಿಂದ ಅದೇ ಕಟ್ಟಡ, ಅದೇ ಗೋಡೆ, ಅದೇ ಗಂಟೆ ಇದ್ದರೂ ‘ಹಮಾರಾ ವಿದ್ಯಾಲಯ’ ಎನ್ನಬೇಕು, ‘ಹಮಾರೀ ಪಾಠಶಾಲಾ’ ಎನ್ನಬೇಕು. ‘ಮಂಗಳೂರ್ ಕಾ ವಿದ್ಯಾಲಯ’, ‘ಮಂಗಳೂರ್ ಕೀ ಪಾಠಶಾಲಾ’. ಲಿಂಗವು ವಸ್ತುವಿನದಲ್ಲ, ಶಬ್ದದ್ದು ಎಂಬ ತತ್ತ್ವ ಇದರಿಂದ ಅಂಗೈ ನೆಲ್ಲಿಯಾಗುತ್ತದೆ. ಕನ್ನಡದಲ್ಲಿ ಲಿಂಗವ್ಯವಸ್ಥೆಯು ಬಹುಮಟ್ಟಿಗೆ ಅರ್ಥವನ್ನು ಅನುಸರಿಸುತ್ತದೆ, ಜೀವವಿಲ್ಲದ್ದೆಲ್ಲವೂ ನಪುಂಸಕ. ಆ ಸುಖಕ್ಕೆ ಒಗ್ಗಿದ ಮಗುವಿಗೆ ಹಿಂದಿಯ ಎರಡೇ ಲಿಂಗಗಳ ಲೋಕ ವಿಚಿತ್ರವಾಗಿ ಕಾಣುವುದು ಸಹಜ. ಸಂಸ್ಕೃತಜ್ಞಾನವೂ ಇಲ್ಲಿ ಪೂರ್ಣವಾಗಿ ಕಾಯುವುದಿಲ್ಲ. ಸಂಸ್ಕೃತದಲ್ಲಿ ನಪುಂಸಕವಾದ ‘ಪುಸ್ತಕ’, ‘ವಸ್ತು’ಗಳು ಹಿಂದಿಯಲ್ಲಿ ಸ್ತ್ರೀಲಿಂಗ, ಪುಲ್ಲಿಂಗವಾದ ‘ಆತ್ಮಾ’, ‘ಅಗ್ನಿ’ಗಳು ಹಿಂದಿಯಲ್ಲಿ ಸ್ತ್ರೀಲಿಂಗ, ಸ್ತ್ರೀಲಿಂಗವಾದ ‘ದೇವತಾ’, ‘ವ್ಯಕ್ತಿ’ಗಳು ಹಿಂದಿಯಲ್ಲಿ ಪುಲ್ಲಿಂಗ. ಆದುದರಿಂದ ಹಿಂದಿಯ ನಾಮಪದವನ್ನು ಒಂಟಿಯಾಗಿ ಕಲಿಸದೆ ‘ಮೇರೀ ಪುಸ್ತಕ್’, ‘ಮೇರಾ ಘರ್’ ಎಂದು ಜೋಡಿಯಾಗಿಯೇ ಕಲಿಸುವುದು ಲೇಸು. ಷಷ್ಠೀ ಸರ್ವನಾಮವು ಶಬ್ದದ ಲಿಂಗವನ್ನು ಹಿಡಿದಿಡುವ ಗೂಟವಾಗಿ ನೆರವಾಗುತ್ತದೆ.

ಗೌರವದ ವಿಷಯವೂ ವಿಚಾರಣೀಯ. ಕನ್ನಡದಲ್ಲಿ ‘ನನ್ನ ತಂದೆಯವರು ಬಂದರು’ ಎಂದಾಗ ಗೌರವವು ನಾಮಪದದಲ್ಲಿಯೂ ಕ್ರಿಯಾಪದದಲ್ಲಿಯೂ ತೋರುತ್ತದೆ. ‘ನನ್ನ’ ಎಂಬುದು ಹಾಗೆಯೇ ಇರುತ್ತದೆ. ಹಿಂದಿಯಲ್ಲಿ ಗೌರವಾರ್ಥದ ಬಹುವಚನವು ಸರ್ವನಾಮದವರೆಗೂ ವ್ಯಾಪಿಸುತ್ತದೆ. ‘ಮೇರೇ ಪಿತಾಜೀ’, ‘ಹಮಾರೇ ಗುರುಜೀ’ ಎನ್ನಬೇಕು. ‘ಮೇರಾ ಪಿತಾಜೀ’ ಎಂದರೆ ವ್ಯಾಕರಣವೂ ಕೆಟ್ಟು ವಿನಯವೂ ಕೆಟ್ಟಂತೆ ಕೇಳಿಸುತ್ತದೆ. ಉತ್ತರ ಕರ್ನಾಟಕದ ಮಕ್ಕಳು ಮನೆಯಲ್ಲಿ ‘ನಮ್ಮಪ್ಪ, ನಮ್ಮವ್ವ, ನಮ್ಮ ಮನಿ’ ಎಂದು ಬಹುವಚನದಿಂದಲೇ ಹೇಳುವವರು. ಆ ರೂಢಿಯನ್ನು ನೆನಪಿಸಿ ‘ಹಮಾರೇ ಪಿತಾಜೀ’ ಎಂಬುದನ್ನು ಮೊದಲು ಕಲಿಸಿದರೆ ‘ಮೇರೇ ಪಿತಾಜೀ’ ಎಂಬುದು ತಾನಾಗಿ ಹಿಂಬಾಲಿಸುತ್ತದೆ.

ಇನ್ನು ವಿಭಕ್ತಿಯ ಮಾತು. ಕನ್ನಡದಲ್ಲಿ ವಿಭಕ್ತಿ ಹತ್ತುವಾಗ ಮಾರ್ಪಾಡು ನಾಮಪದದಲ್ಲಿಯೇ ನಡೆಯುತ್ತದೆ: ಮರ ಎಂಬುದು ‘ಮರದಲ್ಲಿ’ ಎಂದಾಗುತ್ತದೆ, ಅದರ ಹಿಂದಿನ ‘ನನ್ನ’ಕ್ಕೆ ಅದರ ಸೋಂಕಿಲ್ಲ. ಹಿಂದಿಯಲ್ಲಿ ‘ಮೇರಾ ಘರ್’ ಎಂಬುದು ‘ಮೇಂ’ ಎಂಬ ವಿಭಕ್ತಿಚಿಹ್ನೆ ಬಂದೊಡನೆ ‘ಮೇರೇ ಘರ್ ಮೇಂ’ ಎಂದಾಗುತ್ತದೆ. ‘ಘರ್’ ಕದಲಲಿಲ್ಲ, ‘ಮೇರಾ’ ಕದಲಿತು. ಸ್ತ್ರೀಲಿಂಗದಲ್ಲಿ ಮಾತ್ರ ‘ಮೇರೀ ಪಾಠಶಾಲಾ ಮೇಂ’ ಎಂದು ಹಾಗೆಯೇ ಉಳಿಯುತ್ತದೆ. ‘ಮೇರೇ ಪಾಸ್, ಮೇರೇ ಲಿಯೇ, ಮೇರೇ ಸಾಥ್’ ಎಂಬಲ್ಲಿ ‘ರೇ’ ಬಂದಿದ್ದರೂ ‘ಮೇರೀ ಓರ್, ಮೇರೀ ತರಹ್’ ಎಂಬಲ್ಲಿ ‘ರೀ’ ಬಂದದ್ದಕ್ಕೆ ‘ಓರ್’, ‘ತರಹ್’ ಶಬ್ದಗಳು ಮೂಲತಃ ಸ್ತ್ರೀಲಿಂಗ ನಾಮಪದಗಳೆಂಬುದೇ ಕಾರಣ. ಕಾರಣ ತಿಳಿದ ಮಗು ಕಂಠಪಾಠದ ಹಂಗಿಲ್ಲದೆ ಸರಿಯಾದ ರೂಪವನ್ನು ಹೇಳಬಲ್ಲದು. ಹಾಗೆಯೇ ಕನ್ನಡದಲ್ಲಿ ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂದು ಚತುರ್ಥಿಯಲ್ಲಿ ಹೇಳುವುದನ್ನು ಹಿಂದಿಯು ‘ಮೇರೇ ದೋ ಭಾಈ ಹೈಂ’ ಎಂದು ಷಷ್ಠಿಯಲ್ಲಿ ಹೇಳುತ್ತದೆ. ‘ನನ್ನ ಹತ್ತಿರ ಹಣವಿದೆ’ ಎಂಬುದನ್ನು ಮಾತ್ರ ಕನ್ನಡದಂತೆಯೇ ‘ಮೇರೇ ಪಾಸ್ ಪೈಸೇ ಹೈಂ’ ಎನ್ನುತ್ತದೆ. ಬಂಧುಬಳಗಕ್ಕೆ ಒಂದು ರೀತಿ, ಕೈಯಲ್ಲಿರುವ ವಸ್ತುವಿಗೆ ಇನ್ನೊಂದು ರೀತಿ. ಈ ವಿವೇಕ ಎರಡೂ ಭಾಷೆಗಳಲ್ಲಿದೆ. ವಿಭಕ್ತಿ ಮಾತ್ರ ಬೇರೆ.

ಎಲ್ಲಕ್ಕಿಂತ ಹೆಚ್ಚು ತೊಡಕೆನಿಸುವುದು ‘ಅಪನಾ’ ಶಬ್ದ. ವಿಚಿತ್ರವೆಂದರೆ ಇಲ್ಲಿಯೇ ಕನ್ನಡವು ಅತ್ಯಂತ ಸಮೀಪದ ನೆರವನ್ನು ನೀಡಬಲ್ಲದು. ‘ರಾಮನು ಶ್ಯಾಮನಿಗೆ ತನ್ನ ಪುಸ್ತಕವನ್ನು ಕೊಟ್ಟನು’ ಎಂದರೆ ಪುಸ್ತಕ ರಾಮನದು. ‘ಅವನ ಪುಸ್ತಕವನ್ನು’ ಎಂದರೆ ಬೇರೊಬ್ಬನದು. ಹಿಂದಿಯಲ್ಲಿಯೂ ‘ಅಪನೀ ಕಿತಾಬ್’ ಎಂದರೆ ಕರ್ತೃವಿನದು, ‘ಉಸಕೀ ಕಿತಾಬ್’ ಎಂದರೆ ಅನ್ಯನದು. ‘ರಾಮನೂ ಅವನ ತಮ್ಮನೂ ಬಂದರು’ ಎಂಬಲ್ಲಿ ಕನ್ನಡವು ‘ತನ್ನ’ ಎನ್ನುವುದಿಲ್ಲ. ಹಿಂದಿಯೂ ಅಲ್ಲಿ ‘ಉಸಕಾ ಭಾಈ’ ಎನ್ನುತ್ತದೆ, ‘ಅಪನಾ’ ಎನ್ನುವುದಿಲ್ಲ. ಭೇದವಿರುವುದು ಒಂದೇ ಕಡೆ. ಕನ್ನಡದ ‘ತನ್ನ’ ಪ್ರಥಮಪುರುಷಕ್ಕೆ ಮೀಸಲು. ಹಿಂದಿಯ ‘ಅಪನಾ’ ಮೂರು ಪುರುಷಗಳಿಗೂ ಸಲ್ಲುತ್ತದೆ. ‘ನಾನು ನನ್ನ ಕೆಲಸ ಮಾಡುತ್ತೇನೆ’, ‘ನೀನು ನಿನ್ನ ಕೆಲಸ ಮಾಡು’ ಎಂಬವು ಹಿಂದಿಯಲ್ಲಿ ‘ಮೈಂ ಅಪನಾ ಕಾಮ್ ಕರತಾ ಹೂಂ’, ‘ತುಮ್ ಅಪನಾ ಕಾಮ್ ಕರೋ’ ಎಂದಾಗಬೇಕು. ಸಂಸ್ಕೃತದ ‘ಸ್ವ’ ಶಬ್ದವೂ ಹೀಗೆ ಮೂರು ಪುರುಷಗಳಲ್ಲಿ ಸಂಚರಿಸುತ್ತದೆ. ಈ ಸೀಮೆಯ ಸಂತೆ, ಬಸ್ಸು ನಿಲ್ದಾಣಗಳಲ್ಲಿ ಕಿವಿಗೆ ಬೀಳುವ ದಖನಿ ಮಾತಿನಲ್ಲಿ ‘ಮೈಂ ಮೇರೇ ಘರ್ ಕೋ’ ಎಂಬಂತಹ ಪ್ರಯೋಗಗಳು ಸಾಮಾನ್ಯ. ಮಗು ಅದನ್ನು ಕೇಳಿ ಬೆಳೆದಿರುವುದರಿಂದ ಗ್ರಂಥಸ್ಥ ಹಿಂದಿಯ ‘ಅಪನೇ ಘರ್’ ಅದಕ್ಕೆ ಅಪರಿಚಿತವಾಗುತ್ತದೆ. ದಖನಿಯನ್ನು ಹಳಿಯುವುದು ಸಲ್ಲದು. ಅದು ಶತಮಾನಗಳ ಕಾಲ ದ್ರಾವಿಡ ಭಾಷೆಗಳ ನೆರೆಯಲ್ಲಿ ಬಾಳಿದ ನುಡಿ. ಆದರೆ ಪರೀಕ್ಷೆಯ ಹಿಂದಿ ಬೇರೆಯೆಂಬುದನ್ನು ಮಾತ್ರ ತಿಳಿಸಬೇಕು.

‘ಆಪ್’ ಶಬ್ದದ ವೃತ್ತಾಂತ ಇನ್ನೂ ರಮ್ಯವಾದುದು. ಸಂಸ್ಕೃತದ ‘ಆತ್ಮನ್’ ಶಬ್ದವೇ ಪ್ರಾಕೃತದಲ್ಲಿ ‘ಅಪ್ಪ’, ‘ಅಪ್ಪಣ’ ಎಂದಾಗಿ ಹಿಂದಿಯಲ್ಲಿ ‘ಆಪ್’, ‘ಅಪನಾ’ ಎಂದು ನಿಂತಿತು. ‘ತಾನು’ ಎಂಬ ಅರ್ಥದ ಆ ‘ಆಪ್’ ಶಬ್ದವೇ ಎದುರಿಗಿರುವವರನ್ನು ಗೌರವದಿಂದ ಸಂಬೋಧಿಸಲೂ ಬಂದಿತು. ಕನ್ನಡದ ‘ತಾವು’ ಎಂಬುದರ ನಡೆಯೂ ಇದೇ ಅಲ್ಲವೇ? ‘ತಾವು’ ಎಂಬುದು ‘ತಾನು’ ಎಂಬುದರ ಬಹುವಚನ. ಅದೇ ‘ತಾವು ಯಾವಾಗ ಬಂದಿರಿ?’ ಎಂಬಲ್ಲಿ ಗೌರವದ ಮಧ್ಯಮಪುರುಷವಾಗುತ್ತದೆ. ಒಂದು ಆರ್ಯಭಾಷೆ, ಒಂದು ದ್ರಾವಿಡಭಾಷೆ. ಬೇರೆ ಬೇರೆ ಬೇರುಗಳಿಂದ ಹೊರಟು ಒಂದೇ ವಿನಯದ ನೆಲೆಯನ್ನು ಮುಟ್ಟಿವೆ. ‘ತಾವು ತಮ್ಮ ಹೆಸರನ್ನು ಹೇಳಿರಿ’ ಎಂಬುದು ‘ಆಪ್ ಅಪನಾ ನಾಮ್ ಬತಾಇಯೇ’ ಎಂದಾಗುತ್ತದೆ, ‘ತಮ್ಮ ಹೆಸರೇನು?’ ಎಂಬುದು ‘ಆಪಕಾ ನಾಮ್ ಕ್ಯಾ ಹೈ?’ ಎಂದಾಗುತ್ತದೆ. ಕನ್ನಡದಲ್ಲಿ ಎರಡು ಕಡೆಯೂ ‘ತಮ್ಮ’. ಹಿಂದಿಯಲ್ಲಿ ಒಂದೆಡೆ ‘ಅಪನಾ’, ಇನ್ನೊಂದೆಡೆ ‘ಆಪಕಾ’. ಹೀಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮರೆಯಬೇಕೆಂದರೂ ಮರೆಯಲಾಗದು.

ಹಾಗಾದರೆ ಒಡವೆಗೆ ಹೊಂದಿಕೊಂಡು ರೂಪ ಬದಲಾಗುವುದು ಕನ್ನಡದಲ್ಲಿ ಇಲ್ಲವೇ ಇಲ್ಲವೇ? ಉಂಟು. ‘ಈ ಹೊಲ ನನ್ನದು, ಈ ಎತ್ತುಗಳು ನನ್ನವು, ಈತ ನಮ್ಮವನು, ಈಕೆ ನಮ್ಮವಳು, ಅವರೆಲ್ಲ ನಮ್ಮವರು’ — ಇಲ್ಲಿ ಷಷ್ಠೀರೂಪವು ನಾಮಪದದ ಹಿಂದೆ ನಿಲ್ಲದೆ ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ನಿಂತಿದೆ. ನಿಂತೊಡನೆ ಒಡವೆಯ ಲಿಂಗವಚನಗಳನ್ನು ತಪ್ಪದೆ ತೋರಿಸುತ್ತಿದೆ. ಕನ್ನಡವು ವಾಕ್ಯಾಂತ್ಯದಲ್ಲಿ ಮಾತ್ರ ಮಾಡುವ ಕಾರ್ಯವನ್ನು ಹಿಂದಿಯು ಎರಡು ಕಡೆಗಳಲ್ಲಿಯೂ ಮಾಡುತ್ತದೆ: ‘ಮೇರೀ ಕಿತಾಬ್’, ‘ಕಿತಾಬ್ ಮೇರೀ ಹೈ’. ಇದೇ ಮಗು ದಾಟಬೇಕಾದ ಹೊಳೆಗೆ ಇರುವ ಸೇತುವೆ. ‘ನನ್ನದು, ನನ್ನವು, ನನ್ನವನು, ನನ್ನವಳು’ ಎಂಬ ಭೇದವನ್ನು ಮೂರು ವರ್ಷದ ಕೂಸು ಕೂಡ ತಪ್ಪಿಲ್ಲದೆ ನುಡಿಯುತ್ತದೆ. ಅಂತಹ ಕೂಸು ಬೆಳೆದು ಶಾಲೆಗೆ ಬಂದಾಗ ಅದಕ್ಕೆ ‘ಹೊಂದಾಣಿಕೆ’ಯ ಅರಿವೇ ಇಲ್ಲವೆಂದು ಭಾವಿಸಿ ಪಾಠವನ್ನು ಆರಂಭಿಸುವುದು, ಇರುವ ಬುತ್ತಿಯನ್ನು ಬಿಚ್ಚದೆ ಹಸಿದು ನಡೆದಂತೆ.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಹಿಂದಿಯನ್ನು ಹಿಂದಿಯ ಮೂಲಕವೇ ಕಲಿಸಬೇಕು, ನಡುವೆ ಕನ್ನಡವನ್ನು ತಂದರೆ ಅಭ್ಯಾಸ ಕೆಡುತ್ತದೆ ಎಂಬುದು ಮೊದಲನೆಯದು. ಸುತ್ತಲೂ ಹಿಂದಿ ನುಡಿಯುವ ವಾತಾವರಣವಿದ್ದಲ್ಲಿ ಆ ಮಾತಿಗೆ ಬೆಲೆಯುಂಟು. ವಾರಕ್ಕೆ ಕೆಲವೇ ಅವಧಿಗಳು ಮಾತ್ರ ಹಿಂದಿ ಕೇಳುವ ಮಗುವಿನ ಮನಸ್ಸಿನಲ್ಲಿ ಕನ್ನಡ ಹೇಗಿದ್ದರೂ ಬಂದೇ ಬರುತ್ತದೆ. ಬಾರದಂತೆ ತಡೆಯುವುದು ಯಾರಿಂದಲೂ ಆಗದು. ಕರೆಯದೆ ಬಂದು ತಪ್ಪು ಮಾಡಿಸುವ ಕನ್ನಡಕ್ಕಿಂತ ಕರೆದು ಕೂರಿಸಿಕೊಂಡು ತಪ್ಪು ತೋರಿಸುವ ಕನ್ನಡ ಮೇಲಲ್ಲವೇ? ಉತ್ತೀರ್ಣರಾಗುವಷ್ಟು ಅಂಕ ಬಂದರೆ ಸಾಕು, ಇಷ್ಟು ಸೂಕ್ಷ್ಮ ಏಕೆ ಎಂಬುದು ಎರಡನೆಯ ಆಕ್ಷೇಪ. ಕಾರಣ ತಿಳಿಯದೆ ಉರು ಹೊಡೆದ ಭಾಷೆ ಪರೀಕ್ಷೆಯ ಮರುದಿನವೇ ಮರೆಯುತ್ತದೆ. ಹಲವು ವರ್ಷಗಳ ಶ್ರಮಕ್ಕೆ ಅದು ತಕ್ಕ ಫಲವಲ್ಲ. ಭಾಷಾನೀತಿಯ ವಾದವಿವಾದಗಳು ರಾಜಧಾನಿಯಲ್ಲಿ ಹೇಗೆಯೇ ತೀರ್ಮಾನವಾಗಲಿ, ಕಲಿಸುವ ಭಾಷೆಯನ್ನು ಚೆನ್ನಾಗಿ ಕಲಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಒಪ್ಪಿಕೊಳ್ಳಬೇಕಾದ ಮಿತಿಯೊಂದುಂಟು. ಯಾವ ಶಬ್ದ ಯಾವ ಲಿಂಗವೆಂಬುದನ್ನು ಕನ್ನಡ ವ್ಯಾಕರಣ ಹೇಳಿಕೊಡಲಾರದು. ‘ಈ’ಕಾರಾಂತಗಳು ಸ್ತ್ರೀಲಿಂಗವೆಂಬ ಸ್ಥೂಲನಿಯಮವೂ ‘ಪಾನೀ, ಘೀ, ದಹೀ, ಮೋತೀ’ಗಳ ಮುಂದೆ ಸೋಲುತ್ತದೆ. ಅಲ್ಲಿ ಅಭ್ಯಾಸವೇ ಗುರು. ತೌಲನಿಕ ಪಾಠವು ನಿಯಮದ ಕಾರಣವನ್ನು ತಿಳಿಸುತ್ತದೆ. ಶಬ್ದಸಂಪತ್ತನ್ನು ಓದಿನಿಂದಲೇ ಗಳಿಸಬೇಕು.

ಆಚರಣೆಯಲ್ಲಿ ಆಗಬೇಕಾದುದು ಬಹಳವೇನಿಲ್ಲ. ವರ್ಷಾರಂಭದಲ್ಲಿ ಕನ್ನಡ ಪಂಡಿತರೂ ಹಿಂದಿ ಶಿಕ್ಷಕರೂ ಒಂದೆರಡು ಅವಧಿ ಒಂದೇ ತರಗತಿಯಲ್ಲಿ ನಿಂತು ಷಷ್ಠೀವಿಭಕ್ತಿಯನ್ನು ಜೊತೆಯಾಗಿ ಪಾಠ ಮಾಡಲಿ. ‘ರಾ–ರೀ–ರೇ, ಕಾ–ಕೀ–ಕೇ, ನಾ–ನೀ–ನೇ’ ಎಂಬ ಪಟ್ಟಿಯನ್ನು ‘ನನ್ನ–ನನ್ನದು–ನನ್ನವು’ ಎಂಬ ಪಟ್ಟಿಯೊಡನೆ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ತೂಗುಹಾಕಲಿ. ತಪ್ಪನ್ನು ತಿದ್ದುವಾಗ ಯಾವ ಕನ್ನಡ ವಾಕ್ಯದಿಂದ ಅದು ಹುಟ್ಟಿತೆಂಬುದನ್ನು ಅಂಚಿನಲ್ಲಿ ಬರೆಯಲಿ. ವಿದ್ಯಾಸಂಸ್ಥೆಗಳಿಗೆ ಕೊಠಡಿ ಕಟ್ಟಿಸಿಕೊಡುವ ದಾನಿಗಳು, ಓದಿದ ಶಾಲೆಯನ್ನು ಮರೆಯದ ಹಳೆಯ ವಿದ್ಯಾರ್ಥಿಗಳು ಶಬ್ದಗಳ ಲಿಂಗವನ್ನು ಸೂಚಿಸುವ ಹಿಂದಿ–ಕನ್ನಡ ನಿಘಂಟುಗಳನ್ನೂ, 1920ರಲ್ಲಿ ಪ್ರಕಟವಾದ ಕಾಮತಾಪ್ರಸಾದ ಗುರು ಅವರ ಹಿಂದೀ ವ್ಯಾಕರಣವನ್ನೂ, ಶಬ್ದಮಣಿದರ್ಪಣವನ್ನೂ ಒಂದೇ ಕಪಾಟಿನಲ್ಲಿ ಇರಿಸಿಕೊಟ್ಟರೆ ಆ ದಾನವು ಗೋಡೆಗಿಂತ ಹೆಚ್ಚು ಕಾಲ ಬಾಳೀತು.

ಕನ್ನಡವನ್ನು ಚೆನ್ನಾಗಿ ಬಲ್ಲ ಮಗು ಇನ್ನೊಂದು ಭಾಷೆಯನ್ನು ಅಂಜದೆ ಕಲಿಯುತ್ತದೆ. ಕನ್ನಡದಲ್ಲಿ ಕಾಲೂರದ ಮಗು ಎರಡರಲ್ಲಿಯೂ ಜಾರುತ್ತದೆ. ‘ನನ್ನ’ ಎಂಬುದರ ಮರ್ಮವನ್ನು ಅರಿಸಿ ‘ಮೇರಾ’ ಎಂಬುದನ್ನು ಕಲಿಸಿದಲ್ಲಿ ಆ ಮಗು ಹಿಂದಿಯನ್ನೂ ತನ್ನದಾಗಿಸಿಕೊಂಡೀತು, ಕನ್ನಡವನ್ನು ಮೊದಲಿಗಿಂತ ಆಳವಾಗಿ ಅರಿತೀತು. ತಿರುಳ್ಗನ್ನಡದ ನಾಡೆನಿಸಿದ ಕೊಪಣದ ಸೀಮೆಯ ಶಾಲೆಗಳು ಈ ಕಾರ್ಯದಲ್ಲಿ ಇತರರಿಗೆ ಮೇಲ್ಪಂಕ್ತಿಯಾಗಲೆಂದು ಹಾರೈಸುವುದು ಉಚಿತವಾಗಿದೆ.